ಹದಿನಾರು ಕುದುರೆ, ಏಳುನೂರಾ ಎರಡು ಕುದುರೆ

ಮುಂಬಯಿಯಲ್ಲಿ ನಾಲ್ಕು ಗಾಲಿಯ ಚಿಕ್ಕ ಸರಕು ಗಾಡಿಗೆಲ್ಲ ಒಂದೇ ಹೆಸರು: ಟೆಂಪೊ. ಕಂಪನಿ ಯಾವುದೇ ಇರಲಿ, ಬಣ್ಣ ಯಾವುದೇ ಇರಲಿ, ಹಿಂದೆ ಸರಕು ಹೇರುವ ತೊಟ್ಟಿ ಇದ್ದರೆ ಅದು ಟೆಂಪೊ. ಧಾರಾವಿಯ ತೊಂಬತ್ತು ಅಡಿ ರಸ್ತೆಯಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತು ನೋಡಿ. ಹೆಸರಿಗೆ ತೊಂಬತ್ತು ಅಡಿ, ಓಡಾಡೋಕೆ ಸಿಗೋದು ಮೂವತ್ತು ಅಡಿ. ಉಳಿದದ್ದೆಲ್ಲ ಟೆಂಪೊಗಳ ಪಾಲು. ಒಂದರಲ್ಲಿ ಚರ್ಮದ ಗಂಟು, ಒಂದರಲ್ಲಿ ಕುಂಬಾರವಾಡದ ಮಡಕೆ, ಒಂದರಲ್ಲಿ ತೇರಾ ಕಂಪೌಂಡಿಗೆ ಹೋಗುವ ಪ್ಲಾಸ್ಟಿಕ್ಕು, ಇನ್ನೊಂದರಲ್ಲಿ ಹೊಲಿದು ಮುಗಿಸಿದ ಶರ್ಟಿನ ರಾಶಿ. ಸುಮಾರು ಆರುನೂರು ಎಕರೆಯ ಈ ಊರು ದುಡಿದದ್ದೆಲ್ಲ ಹೊರಗೆ ಹೋಗುವುದು ಈ ಟೆಂಪೊಗಳ ಬೆನ್ನ ಮೇಲೆ.

ಇದೇ ಜಾತಿಯ ಗಾಡಿಗೆ ಅಮೆರಿಕದಲ್ಲಿ ಪಿಕಪ್ ಟ್ರಕ್ ಅನ್ನುತ್ತಾರೆ. ಅಲ್ಲಿ ಅದರಲ್ಲೇ ಒಂದು ವಿಶೇಷ ತಳಿ ಇದೆ. ರೇಸಿನ ಕಾರಿಗೆ ಹಾಕುವಂಥ ಎಂಜಿನ್ನನ್ನು ಕಾರ್ಖಾನೆಯೇ ಪಿಕಪ್ಪಿಗೆ ಕೂರಿಸಿ, ಗ್ಯಾರಂಟಿ ಸಮೇತ ಮಾರುವ ತಳಿ. 2022ರಲ್ಲಿ ಡಲ್ಲಾಸ್ ಹತ್ತಿರದ ಮಗಳ ಮನೆಗೆ ಹೋದಾಗ ಎದುರು ಮನೆಯ ಅಂಗಳದಲ್ಲಿ ಅಂಥದೊಂದನ್ನು ದಿನಾ ನೋಡಿದೆ. ರ‍್ಯಾಮ್ ಟಿಆರ್‌ಎಕ್ಸ್ ಅಂತ ಅದರ ಹೆಸರು. ಎಂಜಿನ್ 6.2 ಲೀಟರು, ಶಕ್ತಿ 702 ಅಶ್ವಶಕ್ತಿ, ಬೆಲೆ 70 ಸಾವಿರ ಡಾಲರ್ ಆಸುಪಾಸು, ಅಂದರೆ ನಮ್ಮ ಲೆಕ್ಕದಲ್ಲಿ ಐವತ್ತು ಲಕ್ಷ ರೂಪಾಯಿಗೂ ಮೇಲೆ. ಎರಡು ತಿಂಗಳಲ್ಲಿ ಅದರ ಹಿಂದಿನ ತೊಟ್ಟಿಯಲ್ಲಿ ಒಂದು ಗೋಣಿಚೀಲ ಇಟ್ಟದ್ದನ್ನು ನಾನು ಕಾಣಲಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ಯಜಮಾನ ಅದಕ್ಕೆ ಶಾಂಪೂ ಹಾಕಿ ಸ್ನಾನ ಮಾಡಿಸುತ್ತಿದ್ದ.

ಈ ಗಾಡಿಯ ಆಕರ್ಷಣೆ ಎಲ್ಲಿದೆ? ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೂತು ಗಾಡಿ ಸಾಲದ ಕಾಗದ ನೋಡಿದವನು ನಾನು. ಓದಿದ್ದು ಎಂ.ಕಾಂ. ಸಾಹಿತ್ಯ ವಿಮರ್ಶೆಯ ಪರಿಭಾಷೆ ನನಗೆ ಬರುವುದಿಲ್ಲ. ಆದರೆ ಕಾದಂಬರಿಯನ್ನು ಹೇಗೆ ತೂಗುತ್ತಾರೋ ಹಾಗೆ ಒಂದು ಗಾಡಿಯನ್ನೂ ತೂಗಬಹುದು ಅಂತ ನನ್ನ ನಂಬಿಕೆ. ಅದು ಏನು ಮಾಡಲು ಹೊರಟಿದೆ, ಏನು ಮಾಡುತ್ತದೆ, ಯಾರಿಗಾಗಿ ಮಾಡುತ್ತದೆ ಎಂದು ಕೇಳಿದರೆ ಸಾಕು.

ಮೊದಲು ವಂಶಾವಳಿ. 1978ರಲ್ಲಿ ಡಾಜ್ ಕಂಪನಿ ‘ಲಿಲ್ ರೆಡ್ ಎಕ್ಸ್‌ಪ್ರೆಸ್’ ಅಂತ ಕೆಂಪು ಬಣ್ಣದ ಪಿಕಪ್ ತಂದಿತು. ಆ ಹೊತ್ತಿಗೆ ಅಮೆರಿಕದ ಕಾರುಗಳಿಗೆ ಹೊಗೆಯ ನಿಯಮ ಬಿಗಿಯಾಗಿ, ಎಂಜಿನ್ನುಗಳ ಕಸುವು ಕಡಿಮೆಯಾಗಿತ್ತು. ಒಂದು ತೂಕಕ್ಕಿಂತ ಮೇಲಿನ ಟ್ರಕ್ಕುಗಳಿಗೆ ನಿಯಮ ಸಡಿಲ. ಆ ಸಂದಿಯಲ್ಲಿ ನುಗ್ಗಿ ಹುಟ್ಟಿದ್ದು ಇದು. ಅಲ್ಲಿಗೆ ಪಿಕಪ್ಪುಗಳು ಹೊರಗಿನಿಂದ ಬರುವುದಕ್ಕೂ 1964ರಿಂದ ಶೇಕಡಾ 25ರ ಸುಂಕದ ಗೋಡೆ ಇತ್ತು. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರು ಅನ್ನುವ ಸಿಟ್ಟಿಗೆ ಅಮೆರಿಕ ಚಿಕ್ಕ ಟ್ರಕ್ಕಿನ ಮೇಲೆ ಹಾಕಿದ ಸುಂಕ ಅದು. ಇವತ್ತಿಗೂ ಅದಕ್ಕೆ ‘ಕೋಳಿ ತೆರಿಗೆ’ ಅಂತಲೇ ಹೆಸರು. ಮನೆಯೊಳಗಿನ ಕಂಪನಿಗಳಿಗೆ ಪಿಕಪ್ ಅಂದರೆ ಬೇಲಿ ಹಾಕಿದ ಹೊಲ. ಏನು ಬೇಕಾದರೂ ಬಿತ್ತಬಹುದಿತ್ತು.

1991ರಲ್ಲಿ ಜಿಎಂಸಿ ‘ಸೈಕ್ಲೋನ್’ ಬಂತು. 280 ಅಶ್ವಶಕ್ತಿ. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆಯವರು ಕಾಲು ಮೈಲಿ ಓಟದಲ್ಲಿ ಇದನ್ನು ಫೆರಾರಿಯ ಎದುರು ನಿಲ್ಲಿಸಿದರು. ಗೆದ್ದದ್ದು ಟ್ರಕ್ಕು. ಇಂಥ ಟ್ರಕ್ಕುಗಳನ್ನು ಮಾಡಿದ್ದು ಸುಮಾರು ಮೂರು ಸಾವಿರ ಮಾತ್ರ. ಆಮೇಲೆ ಫೋರ್ಡಿನವರ ‘ಲೈಟ್ನಿಂಗ್’, 2004ರಲ್ಲಿ 500 ಅಶ್ವಶಕ್ತಿಯ ‘ಡಾಜ್ ರ‍್ಯಾಮ್ ಎಸ್‌ಆರ್‌ಟಿ-10’, ಕೊನೆಗೆ 2021ರ ಮಾದರಿಯಾಗಿ ನಾನು ಕಂಡ ಟಿಆರ್‌ಎಕ್ಸ್.

ಈಗ ನಮ್ಮ ಕಡೆಯದು. 2005ರ ಮೇ ತಿಂಗಳಲ್ಲಿ ಟಾಟಾದವರು ‘ಏಸ್’ ತಂದರು. ಜನ ಅದಕ್ಕೆ ‘ಛೋಟಾ ಹಾಥಿ’ ಅಂದರು. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಗಾತ್ರ 702 ಸಿಸಿ, ಶಕ್ತಿ 16 ಅಶ್ವಶಕ್ತಿ, ಬೆಲೆ ಎರಡೂಕಾಲು ಲಕ್ಷದ ಆಸುಪಾಸು. ಅಲ್ಲಿ 702 ಕುದುರೆ, ಇಲ್ಲಿ 702 ಸಿಸಿ! ಅಂಕಿ ಒಂದೇ, ಅರ್ಥ ಬೇರೆ.

ಬ್ಯಾಂಕಿನವರ ಚಟ, ನಾನು ಒಂದು ಅನುಪಾತ ಹಾಕಿ ನೋಡಿದೆ. ಒಂದು ಅಶ್ವಶಕ್ತಿ ಎಷ್ಟು ಕಿಲೊ ಹೊರುತ್ತದೆ? ಮೊದಲ ಏಸ್‌ಗೆ ಕಂಪನಿ ಹೇಳಿದ ಭಾರ 750 ಕಿಲೊ. ಹದಿನಾರರಿಂದ ಭಾಗಿಸಿದರೆ ಕುದುರೆಗೆ 47 ಕಿಲೊ. ಸೈಕ್ಲೋನಿಗೆ ಕಂಪನಿಯೇ ಕೊಟ್ಟ ಮಿತಿ 500 ಪೌಂಡು, ಅಂದರೆ ಸುಮಾರು 227 ಕಿಲೊ. ಕುದುರೆಗೆ 800 ಗ್ರಾಂ. ಟಿಆರ್‌ಎಕ್ಸ್ ಹೊರುವುದು 600 ಕಿಲೊಗಿಂತ ತುಸು ಕಡಿಮೆ. ಅಲ್ಲಿಯೂ ಕುದುರೆಗೆ 850 ಗ್ರಾಂ ದಾಟುವುದಿಲ್ಲ. ನಮ್ಮ ಛೋಟಾ ಹಾಥಿ ಹೊತ್ತಷ್ಟು ಭಾರವನ್ನು ಆ ದೊಡ್ಡ ದೈತ್ಯ ಹೊರುವಂತಿಲ್ಲ. ದೊಡ್ಡ ಟ್ರೇಲರನ್ನು ಹಿಂದೆ ಕಟ್ಟಿ ಎಳೆಯುವ ತಾಕತ್ತು ಅದಕ್ಕಿದೆ, ಅದು ಬೇರೆ ಮಾತು. ಬೆನ್ನ ಮೇಲೆ ಹೊರುವುದರಲ್ಲಿ ಸೋತಿದೆ.

ಇಷ್ಟು ಹೇಳಿ ನಕ್ಕು ಮುಗಿಸಬಹುದು. ಆದರೆ ಹಾಗೆ ನಗುವ ಹಕ್ಕು ನಮಗೆಲ್ಲಿದೆ? ನಮ್ಮ ಹಾವೇರಿ ಕಡೆ ದೀಪಾವಳಿ ಮುಂದೆ ಹೋರಿ ಬೆದರಿಸುವುದನ್ನು ನೋಡಿದವರಿಗೆ ಇದು ಗೊತ್ತು. ಕೊಬ್ಬರಿ ಹಾರ ಹಾಕಿ, ಕೊಂಬಿಗೆ ಬಣ್ಣ ಬಳಿದು ಜನರ ನಡುವೆ ಓಡಿಸುವ ಹೋರಿ. ಅದಕ್ಕೆ ಹಿಂಡಿ, ಹುರುಳಿ, ಮೊಟ್ಟೆ ಎಲ್ಲ ತಿನ್ನಿಸಿ ಸಾಕುತ್ತಾರೆ. ಅಂಥದನ್ನು ನೊಗಕ್ಕೆ ಕಟ್ಟಲು ಎಷ್ಟೋ ಜನರಿಗೆ ಮನಸ್ಸಾಗದು. ಕರಾವಳಿಯ ಕಂಬಳದ ಕೋಣಗಳ ಕಥೆಯೂ ಅದೇ. ಹೊಲದ ಪ್ರಾಣಿಯೇ, ಹೊಲದ ಕೆಲಸಕ್ಕಲ್ಲ. ಇದನ್ನು ನಾವು ಹುಚ್ಚು ಅನ್ನುವುದಿಲ್ಲ, ಹಬ್ಬ ಅನ್ನುತ್ತೇವೆ. ಟೆಕ್ಸಾಸಿನ ಆ ಯಜಮಾನ ಶನಿವಾರ ಗಾಡಿ ತೊಳೆಯುವುದೂ ಹಾವೇರಿಯ ರೈತ ಹೋರಿಯ ಮೈ ತೊಳೆಯುವುದೂ ಒಂದೇ ಆಸೆಯ ಎರಡು ರೂಪ. ದುಡಿಯುವ ಪ್ರಾಣಿಗೆ ಒಮ್ಮೆಯಾದರೂ ದುಡಿತದ ಹಂಗಿಲ್ಲದ ಓಟ ಇರಲಿ ಅನ್ನುವ ಆಸೆ ಅದು.

ಆದರೆ ಒಂದು ವ್ಯತ್ಯಾಸ ಇದೆ. ಕಾರಹುಣ್ಣಿಮೆಯಲ್ಲಿ ಕರಿ ಹರಿಯಲು ಓಡುವ ಎತ್ತು ನಾಳೆಯಿಂದ ಬಿತ್ತನೆಗೆ ಹೋಗುವ ಎತ್ತು. ಒಂದು ದಿನದ ಓಟಕ್ಕೆ ಉಳಿದ ದಿನಗಳ ದುಡಿತ ಬೆಲೆ ಕೊಡುತ್ತದೆ. ಓಟಕ್ಕೇ ಅಂತ ಸಾಕಿದ ಹೋರಿಗೂ ಊರಿನ ಮುಂದೆ ಮಾನ ಉಂಟು. ಅದನ್ನು ಸಾಕಿದವನ ಕೈ ಕಾಣುತ್ತದೆ. ಕಾರ್ಖಾನೆಯಿಂದ ಬಂದ ವೇಗದಲ್ಲಿ ಸಾಕಿದವನ ಕೈ ಕಾಣುವುದಿಲ್ಲ. ಹಿಂದೆ ಅಮೆರಿಕದ ಹುಡುಗರು ತಮ್ಮ ಶೆಡ್ಡಿನಲ್ಲಿ ಮೈಯೆಲ್ಲ ಗ್ರೀಸು ಮಾಡಿಕೊಂಡು ಹಳೇ ಟ್ರಕ್ಕಿಗೆ ದೊಡ್ಡ ಎಂಜಿನ್ ಕೂರಿಸುತ್ತಿದ್ದರು. ಕಂಪನಿಗಳು ಆ ಕಲೆಯನ್ನು ನೋಡಿ ಕಲಿತು, ಬಣ್ಣ ಹಚ್ಚಿ, ಕಂತಿನ ಮೇಲೆ ಮಾರಿದವು.

‘ಕಾರ್ಖಾನೆಯದು’ ಅನ್ನುವ ಮಾತಿನ ಬೆಲೆ ಬ್ಯಾಂಕಿನವನಿಗೆ ಚೆನ್ನಾಗಿ ಗೊತ್ತು. ಶೆಡ್ಡಿನಲ್ಲಿ ಮಾಡಿದ ಗಾಡಿಗೆ ವಿಮೆಯವನು ತಕರಾರು ಮಾಡುತ್ತಾನೆ, ಸಾಲ ಕೊಡುವವನು ಮುಖ ತಿರುಗಿಸುತ್ತಾನೆ. ಅದೇ ಬದಲಾವಣೆಯನ್ನು ಕಾರ್ಖಾನೆ ಮಾಡಿದರೆ ಅದಕ್ಕೆ ಬಿಲ್ಲು ಇದೆ, ಗ್ಯಾರಂಟಿ ಇದೆ, ಆರ್‌ಸಿ ಪುಸ್ತಕದಲ್ಲಿ ಬರೆದ ಹೆಸರಿದೆ. ಹುಚ್ಚು ಅದೇ, ಕಾಗದ ಮಾತ್ರ ಬೇರೆ. ಈ ಗಾಡಿಗಳ ಅರ್ಧ ಆಕರ್ಷಣೆ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ: ಕೈ ಕೊಳೆಯಾಗದೆ, ಕಾನೂನು ಮುರಿಯದೆ, ಪುಂಡನಾಗುವ ಸೌಲಭ್ಯ.

ಧಾರಾವಿಯಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಕಾರ್ಖಾನೆ ಕೊಡುವುದು ಬರೀ ಬೋಳು ಗಾಡಿ. ಅದನ್ನು ಕುರ್ಲಾದ ಗ್ಯಾರೇಜಿಗೆ ತಂದು ತೊಟ್ಟಿಯ ಸುತ್ತ ಕಬ್ಬಿಣದ ಕಟಾಂಜನ ಎಬ್ಬಿಸುತ್ತಾರೆ, ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸುತ್ತಾರೆ, ತಾಡಪತ್ರಿ ಕಟ್ಟಲು ಕೊಂಡಿ ಬೆಸೆಯುತ್ತಾರೆ. ವೇಗ ಒಂದು ಕಿಲೊಮೀಟರೂ ಹೆಚ್ಚುವುದಿಲ್ಲ. ಹೊರುವುದು ಮಾತ್ರ ಹೆಚ್ಚುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಂಪನಿ ಮಾಡಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಹೇಳಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಾತ್ಪರ್ಯ ಅದು. ತೀರ್ಪು ಸರಿಯಾದದ್ದೇ. ಮಿತಿ ಮೀರಿ ಹೇರಿದ ಟೆಂಪೊ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ 702 ಅಶ್ವಶಕ್ತಿಯನ್ನು ಕಾರ್ಖಾನೆ ಕೂರಿಸಿದರೆ ಅದು ಸಾಧನೆ, ಒಂದು ಸ್ಪ್ರಿಂಗ್ ಪ್ಲೇಟನ್ನು ಡ್ರೈವರ್ ಕೂರಿಸಿದರೆ ಅಪರಾಧ ಅನ್ನುವುದನ್ನು ಗಮನಿಸದೆ ಇರಲಾಗದು. ಒಂದು ಚಪಲಕ್ಕೆ, ಇನ್ನೊಂದು ಹೊಟ್ಟೆಪಾಡಿಗೆ.

ಹಾಗಂತ ನಮ್ಮ ಟೆಂಪೊದವರದು ಬರೀ ಹೊಟ್ಟೆಪಾಡು, ಆಸೆ ಇಲ್ಲ ಅಂತ ತಿಳಿಯಬಾರದು. ಏಸ್ ಹುಟ್ಟಿದ ಬಗ್ಗೆ ಒಂದು ಕಥೆ ಪ್ರಸಿದ್ಧ. ಕಂಪನಿಯವರು ಮೂರು ಗಾಲಿಯ ಗಾಡಿ ಓಡಿಸುವವರನ್ನು ಕೇಳಿಕೊಂಡು ಹೋದಾಗ, ನಾಲ್ಕು ಗಾಲಿ ಇದ್ದರೆ ಊರಲ್ಲಿ ಹೆಣ್ಣು ಕೊಡಲು ಮುಂದೆ ಬರ್ತಾರೆ ಅಂತ ಒಬ್ಬ ಹೇಳಿದನಂತೆ. ಆ ಒಂದು ಗಾಲಿಗೆ ಲೆಕ್ಕದ ಪುಸ್ತಕದಲ್ಲಿ ಕಲಮಿಲ್ಲ. ಆದರೆ ಆ ಗಾಡಿ ಮಾರಾಟವಾದದ್ದು ಇಪ್ಪತ್ತು ಲಕ್ಷಕ್ಕೂ ಹೆಚ್ಚು. 2012ರಲ್ಲಿ ನಮ್ಮ ಧಾರವಾಡದಲ್ಲೂ ಈ ಮನೆತನದ ಚಿಕ್ಕ ಗಾಡಿ ತಯಾರಾಗತೊಡಗಿದಾಗ, ಧಾರಾವಿಯ ನಮ್ಮ ಕಡೆಯವರು ‘ನಮ್ಮೂರಿನ ಗಾಡಿ’ ಅಂತ ಬೋನೆಟ್ಟು ತಟ್ಟಿದ್ದನ್ನು ನಾನೇ ನೋಡಿದ್ದೇನೆ.

ಆಳಂದ ತಾಲೂಕಿನಿಂದ ಬಂದು ಇಲ್ಲಿ ಚರ್ಮದ ಬ್ಯಾಗಿನ ಸರಕು ಸಾಗಿಸುವ ಒಬ್ಬ ಡ್ರೈವರ್ ನನಗೆ ಪರಿಚಯ. ಮೊಬೈಲಿನಲ್ಲಿ ಆ ಟಿಆರ್‌ಎಕ್ಸ್ ಮರಳಿನ ದಿಬ್ಬ ಹಾರುವ ವಿಡಿಯೊ ತೋರಿಸಿದೆ. ಎರಡು ಸಲ ನೋಡಿದ.

‘ಇದರಾಗ ಮಾಲ್ ಹಾಕಬಾರದ್ರೀ ಸಾಹೇಬ್ರ. ಪಾಪ ಹತ್ತತೈತಿ’ ಅಂದ.

‘ನಿನಗ ಕೊಟ್ರ ಏನ್ ಮಾಡ್ತೀಯಪಾ?’ ಅಂತ ಕೇಳಿದೆ.

‘ಒಂದ ದಿನಾ ಊರಿಗೆ ಹೊಡಕೊಂಡ ಹೋಗ್ತೀನ್ರೀ. ನಡುವ ಎಲ್ಲೂ ನಿಲ್ಲಂಗಿಲ್ಲ. ಮರುದಿನ ಮಾರಿ ಹಳೇ ಗಾಡಿ ಕಂತ ಕಟ್ತೀನಿ.’

ಈ ಉತ್ತರ ನನಗೆ ಯಾವ ಜಾಹೀರಾತಿಗಿಂತ ಹೆಚ್ಚು ತಿಳಿಸಿತು. ಧಾರಾವಿಯಿಂದ ಮಸೀದಿ ಬಂದರಿಗೆ ಹತ್ತು ಹನ್ನೊಂದು ಕಿಲೊಮೀಟರು. ಹೋಗಿ, ಇಳಿಸಿ, ಬರುವಷ್ಟರಲ್ಲಿ ಅವನ ಅರ್ಧ ದಿನ ಹೋಗಿರುತ್ತದೆ. ಸಿಗ್ನಲ್ಲಿಗೆ ಕಾಯಬೇಕು, ಹಮಾಲಿಗೆ ಕಾಯಬೇಕು, ಬಿಲ್ಲಿಗೆ ಕಾಯಬೇಕು, ಊರಿಗೆ ಹೋಗಲು ವರ್ಷಕ್ಕೊಂದು ಜಾತ್ರೆಗೆ ಕಾಯಬೇಕು. ವೇಗದ ಆಸೆ ಹುಟ್ಟುವುದು ವೇಗವಾಗಿ ಹೋಗುವವನಲ್ಲಿ ಅಲ್ಲ, ಕಾದು ಕಾದು ಸೋತವನಲ್ಲಿ. ಬಹುಶಃ ಟೆಕ್ಸಾಸಿನ ಆ ಯಜಮಾನನೂ ದಿನವೆಲ್ಲ ಯಾವುದೋ ಆಫೀಸಿನಲ್ಲಿ ಕಾಯುವವನೇ ಇರಬೇಕು.

ಊರಿನಲ್ಲಿರುವ ನಿಮಗೆ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಆ ಆಸೆ ಈಗ ನಿಮ್ಮ ಬಾಗಿಲಿಗೂ ಬಂದಿದೆ. 2016ರಲ್ಲಿ ಇಸುಜು ‘ವಿ-ಕ್ರಾಸ್’ ಬಂತು. 2022ರಲ್ಲಿ ನಮ್ಮ ಬಿಡದಿಯ ಟೊಯೊಟಾದವರು ‘ಹೈಲಕ್ಸ್’ ತಂದಾಗ ಬೆಲೆ ಸುಮಾರು 34 ಲಕ್ಷದಿಂದ ಶುರುವಾಗಿತ್ತು. ಇವು ಅಮೆರಿಕದ ಆ ತಳಿಯಷ್ಟು ಹುಚ್ಚಿನವಲ್ಲ, ಗಟ್ಟಿ ಗಾಡಿಗಳು. ಆದರೆ ಮಾರುವ ಮಾತು ಅದೇ: ಬೆಟ್ಟ, ನದಿ, ಕೆಸರು, ಸಾಹಸ. ಮುಂಬಯಿಯಲ್ಲಿ ನಾಲ್ಕು ಕಾಸು ಮಾಡಿದ ಹುಡುಗ ಇಂಥದೊಂದನ್ನು ಕಂತಿನ ಮೇಲೆ ತಗೊಂಡು ಜಾತ್ರೆಗೆ ಬಂದರೆ, ತೊಟ್ಟಿ ಹೊಳೆಯುತ್ತಾ ಇದ್ದರೆ, ಹೊಗಳುವ ಮುಂಚೆ ಕಂತು ಎಷ್ಟು ಅಂತ ಒಂದು ಮಾತು ಕೇಳಿ.

ಯಾಕೆಂದರೆ ಇಲ್ಲಿ ನೆಲವೇ ಅಲುಗಾಡುತ್ತಿದೆ. ಧಾರಾವಿಯ ಪುನರ್ನಿರ್ಮಾಣದ ಬಿಡ್ಡನ್ನು ಅದಾನಿ ಗುಂಪು 2022ರ ನವೆಂಬರಿನಲ್ಲಿ ಗೆದ್ದಿತು, 2024ರಲ್ಲಿ ಮನೆ ಮನೆ ಸರ್ವೆ ಶುರುವಾಯಿತು. 2000ದ ಜನವರಿ 1ಕ್ಕೆ ಮುಂಚಿನ ನೆಲ ಅಂತಸ್ತಿನವರಿಗೆ ಇಲ್ಲೇ ಮನೆ, ಮೇಲಿನ ಅಟ್ಟದವರಿಗೆ ಧಾರಾವಿಯ ಹೊರಗೆ ಅನ್ನುವುದು ಯೋಜನೆಯ ಲೆಕ್ಕ. ಸಂಡಾಸಿಗೆ ಸಾಲು ನಿಲ್ಲುವ ಜನಕ್ಕೆ ಒಳ್ಳೇ ಮನೆ ಬೇಡ ಅನ್ನಲು ನಾನ್ಯಾರು? ಆದರೆ ನಮ್ಮ ಡ್ರೈವರನ ಪ್ರಶ್ನೆ ಮನೆಯದಷ್ಟೇ ಅಲ್ಲ. ಅವನು ಮಲಗುವುದು ಅಟ್ಟದಲ್ಲಿ, ದುಡಿಯುವುದು ಕೆಳಗಿನ ಗಾಳೆಗಳಿಂದ. ಬ್ಯಾಗು ಹೊಲಿಯುವ ಗಾಳೆ ಒಂದು ಕಡೆ, ಅವನು ಇನ್ನೊಂದು ಕಡೆ ಆದರೆ ಸರಕು ಯಾರದು, ಬಾಡಿಗೆ ಎಲ್ಲಿಯದು? ಬಾಡಿಗೆ ಇಲ್ಲದಿದ್ದರೆ ಕಂತಿಲ್ಲ, ಕಂತಿಲ್ಲದಿದ್ದರೆ ಗಾಡಿ ಇಲ್ಲ. ಹದಿನಾರು ಕುದುರೆಯ ಗಾಡಿಗೂ ಓಡಲು ಒಂದು ರಸ್ತೆ, ನಿಲ್ಲಲು ಒಂದು ಜಾಗ ಬೇಕು. ಎತ್ತರದ ಕಟ್ಟಡದ ನಕ್ಷೆಯಲ್ಲಿ ಕಾರಿಗೆ ಜಾಗ ಬರೆಯುತ್ತಾರೆ. ಟೆಂಪೊಕ್ಕೂ ಬರೆಯಲಿ.

ನನ್ನ ವಿಮರ್ಶೆ ಇಷ್ಟೇ. ಕಾರ್ಖಾನೆಯ ಆ ವೇಗದ ಪಿಕಪ್ ಕೆಟ್ಟ ಗಾಡಿಯಲ್ಲ. ಎಂಜಿನಿಯರುಗಳ ಜಾಣ್ಮೆ ಅದರಲ್ಲಿದೆ, ಮನುಷ್ಯನ ನಿಜವಾದ ಆಸೆಯೊಂದಕ್ಕೆ ಅದು ರೂಪ ಕೊಟ್ಟಿದೆ. ಆದರೆ ದುಡಿಯುವವನ ವೇಷ ತೊಟ್ಟು ದುಡಿತವನ್ನೇ ಬಿಟ್ಟದ್ದು ಅದರ ಕೊರತೆ. ವೇಷ ಬೇಕಾದರೆ ಕಾರಿಗೆ ಹಾಕಬಹುದಿತ್ತು. ಸಾಲದ ಗಾಡಿ ತಪಾಸಣೆಗೆ ಹೋದಾಗ ನಾನು ಬೋನೆಟ್ಟಿಗಿಂತ ಮುಂಚೆ ಹಿಂದಿನ ತೊಟ್ಟಿ ನೋಡುತ್ತಿದ್ದೆ. ತಗಡಿನ ಬಣ್ಣ ಹೋಗಿ, ಗೀರು ಬಿದ್ದು, ಮೂಲೆಯಲ್ಲಿ ಹಗ್ಗ ಉಜ್ಜಿದ ಗುರುತು ಇದ್ದರೆ ಕಂತು ಬರುತ್ತದೆ ಅಂತ ಬರೆದುಕೊಳ್ಳುತ್ತಿದ್ದೆ. ಹೊಳೆಯುವ ತೊಟ್ಟಿ ಕಂಡರೆ ಜಾಮೀನುದಾರನ ವಿಳಾಸ ಇನ್ನೊಮ್ಮೆ ಪರಿಶೀಲಿಸುತ್ತಿದ್ದೆ. ನಿವೃತ್ತಿಯಾದ ಮೇಲೂ ಪಿಕಪ್ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.