ಕಬಿನಿಯ ಬೇಸಿಗೆ, ಮನೆಮಂದಿಯ ಕ್ಯಾಮೆರಾ

ಬೇಸಿಗೆ ರಜೆಯಲ್ಲಿ ಕಬಿನಿಗೆ ಹೋಗಿಬಂದವರ ಮನೆಗಳಲ್ಲಿ ಫೋಟೊ ನೋಡುತ್ತ ಕೂತರೆ, ಬೇರೆ ಬೇರೆ ಊರಿನ ಬೇರೆ ಬೇರೆ ಕುಟುಂಬಗಳು ಒಂದೇ ಚಿತ್ರದ ಬೆನ್ನುಹತ್ತಿ ಸೋತಿರುವುದು ಕಾಣುತ್ತದೆ. ಲಂಟಾನ ಪೊದೆಯ ಹಿಂದೆ ಕಿತ್ತಳೆ ಬಣ್ಣದ ಒಂದು ಮಸುಕು, ಅದಕ್ಕೆ ಅಡ್ಡವಾಗಿ ಇನ್ನೊಂದು ಜೀಪಿನ ಬೆನ್ನು, ಮೂಲೆಯಲ್ಲಿ ಯಾರದೋ ಟೋಪಿ. ಆ ಮಸುಕು ಹುಲಿಯೆಂದು ತೆಗೆದವರೇ ಹೇಳಬೇಕು. ಸಫಾರಿ ಮುಗಿಸಿ ಬಂದ ಗಾಡಿಗೆ ಎದುರಾಗುವ ಮೊದಲ ಪ್ರಶ್ನೆಯೇ ‘ಸೈಟಿಂಗ್ ಆಯ್ತಾ?’ ಹುಲಿಯೋ ಚಿರತೆಯೋ ಕಂಡಿದ್ದರೆ ಮಾತ್ರ ಅದಕ್ಕೆ ‘ಹೌದು’ ಎನ್ನಬಹುದು. ಹಿನ್ನೀರಿನ ದಡದಲ್ಲಿ ಮರಿಗಳ ಸಮೇತ ಮೇಯುತ್ತಿದ್ದ ಆನೆಹಿಂಡನ್ನು ಅರ್ಧ ಗಂಟೆ ಕಣ್ತುಂಬ ನೋಡಿದವರೂ ‘ಏನೂ ಸಿಗಲಿಲ್ಲ’ ಎಂದು ಬೇಸರದಿಂದ ಇಳಿಯುತ್ತಾರೆ. ಈ ರೂಢಿಯನ್ನು ಹವ್ಯಾಸವೆಂದು ಸುಮ್ಮನೆ ಬಿಡುವ ಕಾಲ ಹೋಯಿತು. ಕಾಡು ಎಂದರೆ ಏನು ಎಂಬುದನ್ನು ನಮ್ಮ ಮಕ್ಕಳು ಈಗ ಕಲಿಯುತ್ತಿರುವುದು ಹೆಚ್ಚಾಗಿ ಇಂಥ ಫೋಟೊಗಳಿಂದಲೇ.

ಎಲ್ಲರೂ ಬೆನ್ನುಹತ್ತುವ ಆ ಚಿತ್ರ ವೃತ್ತಿಪರರದು. ಕಬಿನಿಯ ಕರಿಚಿರತೆ ಜಗತ್ತಿಗೆಲ್ಲ ಪರಿಚಯವಾದದ್ದು, ಅದರ ಓಡಾಟದ ಜಾಡು ಹಿಡಿದು, ದಿನಗಟ್ಟಲೆ ಒಂದೇ ಕಡೆ ಕಾದವರ ಕ್ಯಾಮೆರಾದಿಂದ. 600 ಎಂಎಂ ಲೆನ್ಸು, ಅಗಲವಾಗಿ ತೆರೆದ ಅಪರ್ಚರ್, ಬೆಣ್ಣೆಯಂತೆ ಕರಗಿದ ಹಿನ್ನೆಲೆ, ಅದರ ಮುಂದೆ ಕೂದಲು ಕೂದಲೂ ಎಣಿಸಬಹುದಾದ ಮುಖ. ಒಂದೆರಡು ಸಫಾರಿಗೆ ದುಡ್ಡು ಕಟ್ಟಿ, ತುಂಬಿದ ಕ್ಯಾಂಟರಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಫೋನು ಹಿಡಿದ ಅಪ್ಪನಿಗೆ ಅದು ಸಿಗುವುದಿಲ್ಲ. ಕೈಯಲ್ಲಿ ಹಿಡಿದ 400 ಎಂಎಂ ಲೆನ್ಸು ಅಲುಗದ ಚಿತ್ರ ಕೊಡಬೇಕಾದರೆ ಶಟರ್ ಕನಿಷ್ಠ ಸೆಕೆಂಡಿನ ನಾನೂರನೇ ಒಂದು ಭಾಗದಷ್ಟು ವೇಗದ್ದಾಗಿರಬೇಕು. ಎಂಜಿನ್ ಗುರುಗುಡುತ್ತಿದ್ದರೆ ಅದೂ ಸಾಲದು. ಫೋನಿನ ಡಿಜಿಟಲ್ ಜೂಮ್ ಇದ್ದ ಚುಕ್ಕಿಗಳನ್ನೇ ಹಿಗ್ಗಿಸುತ್ತದೆ, ಹೊಸ ವಿವರವನ್ನು ತಂದುಕೊಡುವುದಿಲ್ಲ. ಬಿಸಿಲೇರಿದ ಮೇಲಂತೂ ಒಣಗಿದ ಕೆರೆಯಂಗಳದಿಂದ ಏಳುವ ಬಿಸಿಗಾಳಿಯ ಅಲೆಯಲ್ಲಿ ದೂರದ ಪ್ರಾಣಿಯ ಅಂಚು ಎಂಥ ದುಬಾರಿ ಲೆನ್ಸಿಗೂ ಕಲಸಿಹೋಗುತ್ತದೆ.

ಒಂದು ವೇಳೆ ಆ ಚಿತ್ರ ಸಿಕ್ಕೇಬಿಟ್ಟಿತು ಎಂದುಕೊಳ್ಳೋಣ. ಆಗಲೂ ನನ್ನ ತಕರಾರು ಹಾಗೇ ಉಳಿಯುತ್ತದೆ. ಚೌಕಟ್ಟಿನ ತುಂಬ ಹುಲಿಯ ಮುಖವೊಂದೇ ಇರುವ ಚಿತ್ರವನ್ನು ಮೈಸೂರು ಮೃಗಾಲಯದಲ್ಲೂ ತೆಗೆಯಬಹುದು. ಅದರಲ್ಲಿ ನಾಗರಹೊಳೆಯ ತೇಗವಿಲ್ಲ, ನಂದಿ ಮರದ ಬಿಳಿಚು ಕಾಂಡವಿಲ್ಲ, ಎಚ್ಚರಿಕೆಯ ಕೂಗು ಹಾಕಿದ ಜಿಂಕೆಯಿಲ್ಲ. ಪ್ರಾಣಿ ಎಲ್ಲಿ ನಿಂತಿತ್ತು, ಯಾಕೆ ನಿಂತಿತ್ತು ಎಂಬುದೇ ಇಲ್ಲ.

ಕಬಿನಿಯ ಮಟ್ಟಿಗೆ ಈ ‘ಯಾಕೆ’ ಬಹಳ ದೊಡ್ಡದು. ಬೇಸಿಗೆಯಲ್ಲಿ ಇಲ್ಲಿ ಆನೆಗಳು ನೂರಾರು ಸಂಖ್ಯೆಯಲ್ಲಿ ಸೇರುವುದಕ್ಕೆ ಕಾರಣ ಒಂದು ಅಣೆಕಟ್ಟು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಅದು ಮುಗಿದಾಗ ನಾಗರಹೊಳೆ, ಬಂಡೀಪುರಗಳ ನಡುವಿನ ಕಣಿವೆಯ ಕಾಡು ಮುಳುಗಿತು, ಊರುಗಳೂ ಮುಳುಗಿದವು. ಚಳಿಗಾಲ ಕಳೆದು ನೀರು ಇಳಿಯುತ್ತ ಹೋದಂತೆ ತಳದ ಮಣ್ಣು ಹೊರಬಿದ್ದು ಅದರ ಮೇಲೆ ಎಳೆಹುಲ್ಲು ಚಿಗುರುತ್ತದೆ. ಸುತ್ತಲ ಕಾಡೆಲ್ಲ ಒಣಗಿ ನಿಂತಿರುವ ತಿಂಗಳುಗಳಲ್ಲಿ ಹಸಿರೂ ನೀರೂ ಒಟ್ಟಿಗೆ ಇರುವ ಜಾಗ ಅದೊಂದೇ. ಬಂಡೀಪುರ, ವಯನಾಡು, ಮುದುಮಲೆಗಳ ಕಡೆಯಿಂದಲೂ ಆನೆಗಳು ಬರುವುದು ಅದಕ್ಕೇ. ಆನೆಗಳ ನಡುವೆ ನೀರಿನಲ್ಲಿ ನಿಂತಿರುವ, ಸತ್ತು ಬೆಳ್ಳಗಾದ ಮರದ ಬೊಡ್ಡೆಗಳು ಆ ಮುಳುಗಿದ ಕಾಡಿನವು. ಈಗ ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಬಹುತೇಕ ಛಾಯಾಗ್ರಾಹಕರು ಈ ಬೊಡ್ಡೆಗಳನ್ನು ಅಡ್ಡಿಯೆಂದು ಚೌಕಟ್ಟಿನಿಂದ ಹೊರಗಿಡುತ್ತಾರೆ. ನನಗೆ ಅವೇ ಈ ಜಾಗದ ನಿಜವಾದ ಗುರುತು. ಬೊಡ್ಡೆ ತೆಗೆದರೆ ಉಳಿಯುವುದು ಮನುಷ್ಯನ ಕೈ ಸೋಕದ ಕಾಡು ಎಂಬ ಸುಳ್ಳು.

ಇದಕ್ಕೂ ಹಿಂದಿನ ಪದರವೊಂದಿದೆ. ಕಬಿನಿ ದಡದ ಕಾಕನಕೋಟೆ ಮೈಸೂರು ಸಂಸ್ಥಾನದ ಖೆಡ್ಡಾ ನಡೆಯುತ್ತಿದ್ದ ಜಾಗ. ಕಾಡಾನೆಗಳ ಹಿಂಡನ್ನು ಹೊಳೆ ದಾಟಿಸಿ ದಿಮ್ಮಿಗಳ ಆವರಣದೊಳಗೆ ಕೂಡುವುದನ್ನು ಮಹಾರಾಜರ ಅತಿಥಿಗಳು ಕೂತು ನೋಡುತ್ತಿದ್ದರು, ಕ್ಯಾಮೆರಾಗಳೂ ಬರುತ್ತಿದ್ದವು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಆಮೇಲೆ ಆ ಜಾಗವೂ ನೀರಿನಡಿ ಹೋಯಿತು. ಇಂದು ರೆಸಾರ್ಟುಗಳಿರುವ ಕಾರಾಪುರದಲ್ಲೇ 1924ರಲ್ಲಿ ಮಾವುತರ ಮನೆಯ ಹುಡುಗ ಸಾಬು ಹುಟ್ಟಿದ. ಸಿನಿಮಾದವರ ಕಣ್ಣಿಗೆ ಬಿದ್ದು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಲೋಕಕ್ಕೆಲ್ಲ ಗೊತ್ತಾದ. ಇಲ್ಲಿ ಆನೆಯನ್ನೂ ಮಗುವನ್ನೂ ಒಟ್ಟಿಗೆ ಕ್ಯಾಮೆರಾ ನೋಡಿ ಎಷ್ಟೋ ಕಾಲವಾಗಿದೆ. ಕಾರಾಪುರದ ಹುಲ್ಲುಹಾಸಿನ ಮೇಲೆ ಚಹಾ ಕುಡಿಯುತ್ತ ಕೂತ ಕುಟುಂಬಕ್ಕೆ ಇದನ್ನು ಯಾರಾದರೂ ಹೇಳಿದರೆ, ಮರುದಿನ ಬೆಳಿಗ್ಗೆ ಅವರು ತೆಗೆಯುವ ಫೋಟೊ ಬೇರೆಯೇ ಆಗುತ್ತದೆಂದು ನಾನು ನಂಬುತ್ತೇನೆ. ಜೀಪು ಓಡಿಸುವ, ದಾರಿ ತೋರುವ ಕಾಡುಕುರುಬ ಸಮುದಾಯದ ಹುಡುಗರಲ್ಲಿ ಕೆಲವರ ಅಜ್ಜಂದಿರು ಈ ಕಾಡಿನೊಳಗಿನ ಹಾಡಿಗಳಲ್ಲೇ ಇದ್ದವರು. ಅವರನ್ನು ‘ಹುಲಿ ಎಲ್ಲಿ?’ ಎಂದಷ್ಟೇ ಕೇಳಿ ಬರುವುದು ದೊಡ್ಡ ನಷ್ಟ.

ಬೇರೆ ಬಗೆಯ ಚಿತ್ರಕ್ಕೆ ಮಾದರಿ ನಮ್ಮಲ್ಲೇ ಇದೆ. ಸಂಡೂರಿನ ಎಂ.ವೈ. ಘೋರ್ಪಡೆ ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದವರು. ಬಿಡುವು ಮಾಡಿಕೊಂಡು ಕಾಡಿಗೆ ಹೋಗಿ ಕಪ್ಪು-ಬಿಳುಪಿನಲ್ಲಿ ಆನೆಗಳನ್ನು ತೆಗೆದರು. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಷಾಡೋಸ್’ ಪುಸ್ತಕದ ಹೆಸರಿನಲ್ಲಿ ಪ್ರಾಣಿಯೇ ಇಲ್ಲ, ಬಿಸಿಲು ನೆರಳುಗಳಿವೆ. ಅವರ ಆನೆ ಧೂಳು, ಮರ, ಓರೆಬೆಳಕುಗಳ ಜೊತೆಗೇ ಬರುತ್ತದೆ. ಮೂಡಿಗೆರೆಯ ತೋಟದ ಸುತ್ತಲ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಸಾಹಿತಿ ತೇಜಸ್ವಿಯವರಿಗೂ ಅಪರೂಪದ ಪ್ರಾಣಿ ಬೇಕೇಬೇಕು ಎಂಬ ಹಟ ಇರಲಿಲ್ಲ. ದಿನವೂ ಕಾಣುವ ಹಕ್ಕಿ ಏನು ಮಾಡುತ್ತದೆ ಎಂಬುದೇ ಅವರ ಕುತೂಹಲ. ಇವರಿಬ್ಬರೂ ಹೊಟ್ಟೆಪಾಡಿಗೆ ಫೋಟೊ ತೆಗೆದವರಲ್ಲ. ರಜೆಯಲ್ಲಿ ಕ್ಯಾಮೆರಾ ಹಿಡಿಯುವ ನಮಗೆ ಹತ್ತಿರದ ಗುರುಗಳು ಇಂಥವರೇ.

ಹೀಗೆ ನೋಡಲು ಹೊರಟರೆ ಕೈಯಲ್ಲಿರುವ ಫೋನು ದಿಢೀರನೆ ಸಾಕಾಗುತ್ತದೆ. ಅದರ ಲೆನ್ಸು ಅಗಲವನ್ನು ನೋಡುತ್ತದೆ, ಕಬಿನಿಗೆ ಬೇಕಾದದ್ದೂ ಅಗಲವೇ. ಜೀಪಿನ ಎತ್ತರದಿಂದ ಕೆಳಮುಖವಾಗಿ ತೆಗೆದರೆ ಪ್ರಾಣಿ ಕುಗ್ಗಿದಂತೆ ಕಾಣುತ್ತದೆ, ದೋಣಿಯಲ್ಲಿ ಕೂತರೆ ಕಣ್ಣು ನೀರಿನ ಮಟ್ಟಕ್ಕಿಳಿದು ಅದೇ ಆನೆ ಆಕಾಶಕ್ಕೆ ತಲೆಯೆತ್ತುತ್ತದೆ. ದೋಣಿಯಲ್ಲಿ ಹುಲಿ ಸಿಗುವುದು ಅಪರೂಪವೆಂದು ಅದನ್ನು ಬಿಟ್ಟು ಜೀಪಿಗೆ ಮುಗಿಬೀಳುವ ಕುಟುಂಬಗಳು ಒಳ್ಳೆಯ ಚಿತ್ರವನ್ನು ದಡದಲ್ಲೇ ಬಿಟ್ಟು ಹೋಗುತ್ತಿವೆ. ಹೊಳೆಯುವ ನೀರಿನ ಮುಂದೆ ನಿಂತ ಆನೆ ಕಪ್ಪು ಮುದ್ದೆಯಾಗುವುದು ಎಲ್ಲರ ದೂರು. ನೀರಿನ ಬೆಳಕು ಕ್ಯಾಮೆರಾದ ಲೆಕ್ಕ ತಪ್ಪಿಸುತ್ತದೆ. ಪರದೆಯ ಮೇಲೆ ಆನೆಯನ್ನು ಮುಟ್ಟಿ ಬೆಳಕನ್ನು ತುಸು ಏರಿಸಿದರೆ ಚರ್ಮದ ಸುಕ್ಕು ಕಾಣುತ್ತದೆ. ಮೇ ತಿಂಗಳ ಸಂಜೆ ಮಳೆಮೋಡ ಕವಿದು, ಅದರಡಿಯಿಂದ ಬಿಸಿಲು ತೂರಿಬರುವ ಆ ಹತ್ತು ನಿಮಿಷಕ್ಕೆ ಸಮನಾದ ಬೆಳಕನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಕ್ಕಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ರೂಢಿಯ ದೊಡ್ಡ ದೋಷ ಇರುವುದು ಅಲ್ಲಿ. ಸಫಾರಿಯುದ್ದಕ್ಕೂ ಮಗು ಕೇಳುವುದು ‘ಶ್, ಸುಮ್ನಿರು’. ಅದು ಮರಕುಟಿಗವನ್ನೋ ಕೆಂಜಳಿಲನ್ನೋ ತೋರಿಸಿದರೆ ಗಾಡಿ ನಿಲ್ಲುವುದಿಲ್ಲ, ವೈರ್‌ಲೆಸ್ಸಿನಲ್ಲಿ ಹುಲಿಯ ಸುದ್ದಿ ಬಂದರೆ ಮಾತ್ರ ಎಲ್ಲ ಗಾಡಿಗಳೂ ಧೂಳೆಬ್ಬಿಸಿಕೊಂಡು ಒಂದೇ ಕಡೆ ಓಡುತ್ತವೆ. ಮಗುವಿನ ಕೈಗೊಂದು ಹಳೆಯ ಕ್ಯಾಮೆರಾ ಕೊಟ್ಟು ನೋಡಿ. ಅದು ಹುತ್ತ ತೆಗೆಯುತ್ತದೆ, ಆನೆಯ ಲದ್ದಿಯ ಮೇಲಿನ ಚಿಟ್ಟೆ ತೆಗೆಯುತ್ತದೆ, ಹಳದಿಯಾಗಿ ಇಳಿಬಿದ್ದ ಕಕ್ಕೆ ಹೂವು ತೆಗೆಯುತ್ತದೆ. ನಾನು ಕಂಡ ಪ್ರವಾಸದ ಆಲ್ಬಮ್‌ಗಳಲ್ಲಿ ಕಾಡಿನ ವಾಸನೆ ಇದ್ದದ್ದು ಮಕ್ಕಳು ತೆಗೆದ ಚಿತ್ರಗಳಲ್ಲೇ. ಮನೆಗೆ ಬಂದ ಮೇಲೆ ಪ್ರತಿ ಚಿತ್ರದ ಕೆಳಗೆ ಹೆಸರು, ಜಾಗ, ಹೊತ್ತು ಬರೆಸಿದರೆ ಕಾಟಿಯನ್ನೂ ಕಡವೆಯನ್ನೂ ಅದು ಎಂದೂ ಮರೆಯುವುದಿಲ್ಲ.

ಹತ್ತಿರದ ಚಿತ್ರದ ಹಂಬಲಕ್ಕೆ ಬೆಲೆ ತೆರುವುದು ಪ್ರಾಣಿ. ಹುಲಿ ಸಂರಕ್ಷಿತ ಪ್ರದೇಶಗಳ ಪ್ರವಾಸೋದ್ಯಮಕ್ಕೆ 2012ರಲ್ಲಿ ಬಂದ ಮಾರ್ಗಸೂಚಿ, ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕೆನ್ನುತ್ತದೆ. ಹುಲಿಯನ್ನು ಮೂರು ಕಡೆಯಿಂದ ಗಾಡಿಗಳು ಮುತ್ತಿದಾಗ ಆ ಲೆಕ್ಕ ಯಾರ ನೆನಪಿನಲ್ಲೂ ಇರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಕಾರಿನಿಂದಿಳಿದು ಆನೆಯ ಜೊತೆ ಫೋಟೊಗೆ ಹೋದ ಪ್ರವಾಸಿಯೊಬ್ಬರನ್ನು ಅದು ಅಟ್ಟಿಸಿಕೊಂಡು ಬಂದು ಕೆಡವಿದ್ದನ್ನು ನಾಡೆಲ್ಲ ನೋಡಿದೆ. ಅವರು ಬದುಕಿದರು, ದಂಡ ಕಟ್ಟಿದರು. ಲೆನ್ಸಿನ ಉದ್ದ ನೋಡಿ ಶುಲ್ಕ ಹಾಕುವ ಅರಣ್ಯ ಇಲಾಖೆ, ಪ್ರತಿ ಸಫಾರಿಯಲ್ಲೂ ಎಲ್ಲಾದರೂ ಹತ್ತು ನಿಮಿಷ ಎಂಜಿನ್ ಆರಿಸಿ ಸುಮ್ಮನೆ ನಿಲ್ಲುವುದನ್ನೂ ಕಡ್ಡಾಯ ಮಾಡಲಿ. ವೈರ್‌ಲೆಸ್ಸಿನ ಹಿಂದೆ ಓಡುವ ಗಾಡಿಯಲ್ಲಿ ಕೇಳಿಸದ ಕಾಡು ಆ ಹತ್ತು ನಿಮಿಷದಲ್ಲಿ ಕೇಳಿಸುತ್ತದೆ.

ಮಕ್ಕಳಿರುವ ಮನೆಯವರು ಕೇಳಿದರೆ ನಾನು ಕಬಿನಿಗಿಂತ ಮೊದಲು ಕೊಕ್ಕರೆ ಬೆಳ್ಳೂರಿನ ಹೆಸರು ಹೇಳುತ್ತೇನೆ. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಹಿಕ್ಕೆಯನ್ನು ಗೊಬ್ಬರವಾಗಿ ಬಳಸುತ್ತಾರೆ, ಹಕ್ಕಿಗಳನ್ನು ಓಡಿಸುವುದಿಲ್ಲ. ಇಲ್ಲಿ ಜೀಪಿಲ್ಲ, ಉದ್ದನೆಯ ಲೆನ್ಸಿನ ಅಗತ್ಯವಿಲ್ಲ. ಹೆಂಚಿನ ಮನೆ, ಜಗಲಿಯ ಮೇಲಿನ ಅಜ್ಜಿ, ತಲೆಯ ಮೇಲೆ ಮರಿಗೆ ಮೀನು ಕಕ್ಕುತ್ತಿರುವ ಹೆಜ್ಜಾರ್ಲೆ, ಮೂರೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ನಿಮ್ಮ ಮಗುವೂ ಅದರಲ್ಲಿ ನಿಲ್ಲಬಹುದು. ಮಳೆಗಾಲ ಹಿಡಿಯುವ ಹೊತ್ತಿಗೆ ಹಕ್ಕಿಗಳು ಊರು ಬಿಡುತ್ತವೆ, ಹಾಗಾಗಿ ಪರೀಕ್ಷೆ ಮುಗಿದ ಕೂಡಲೇ ಹೋಗುವುದು ಒಳ್ಳೆಯದು. ಗೂಡಿನ ನೇರ ಕೆಳಗೆ ನಿಲ್ಲಬೇಡಿ, ಬೆಳಿಗ್ಗೆ ಬೇಗ ತಲುಪಿ, ಅಂಗಳಕ್ಕೆ ಕಾಲಿಡುವ ಮೊದಲು ಮನೆಯವರನ್ನು ಕೇಳಿ.