ವಿಜ್ಞಾನಕಥೆಗಳ ಗುಣಪರೀಕ್ಷೆ

ವಿಜ್ಞಾನಕಥೆಗಳಲ್ಲಿ ಆಸಕ್ತರಾದ ವಾಚಕರಲ್ಲಿ ಒಂದು ವಿಶೇಷವುಂಟು. ಕಾವ್ಯವನ್ನೋದಿದವನು ಒಬ್ಬನೇ ಕುಳಿತು ಸುಖಿಸಬಲ್ಲನು. ವಿಜ್ಞಾನಕಥೆಯನ್ನೋದಿದವನಾದರೋ ಅದನ್ನು ಮತ್ತೊಬ್ಬನ ಕೈಗೆ ಕೊಡದೆ ಸಮಾಧಾನಗೊಳ್ಳನು. ಇದು ಗುಣವೇ ಸರಿ. ಆದರೆ ಹೊಗಳಿಕೆಗೆ ಈ ರಸಿಕರು ಕೊಡುವ ಕಾರಣಗಳನ್ನು ವಿಚಾರಿಸಿದಲ್ಲಿ ಬಹುಮಟ್ಟಿಗೆ ಎರಡೇ ಕಂಡುಬರುವುವು. ಗ್ರಂಥದಲ್ಲಿ ಹೇಳಿದ್ದು ಮುಂದೆ ನಿಜವಾಯಿತೆಂಬುದು ಒಂದು. ಇದೆಲ್ಲವೂ ನಮ್ಮ ಪುರಾತನರಲ್ಲಿ ಮೊದಲೇ ಇದ್ದಿತೆಂಬುದು ಇನ್ನೊಂದು. ಮೊದಲನೆಯದು ಜೋಯಿಸನನ್ನು ಹೊಗಳುವ ರೀತಿ, ಎರಡನೆಯದು ವಂಶಾವಳಿಯನ್ನೋದುವ ರೀತಿ. ಗ್ರಂಥದ ಗುಣಕ್ಕೂ ಇವಕ್ಕೂ ಸಂಬಂಧವು ಅತ್ಯಲ್ಪ.

ಫ್ರಾನ್ಸ್ ದೇಶದ ಜೂಲ್ಸ್ ವರ್ನನು 1865ರಲ್ಲಿ ಪ್ರಕಟಿಸಿದ ಚಂದ್ರಯಾನದ ಕಥೆಯನ್ನೇ ನೋಡಬಹುದು. ಅದರಲ್ಲಿ ಮೂವರು ಅಮೇರಿಕದ ಫ್ಲಾರಿಡಾ ಪ್ರಾಂತದಿಂದ ಚಂದ್ರನತ್ತ ಹೊರಡುವರು. 1969ರಲ್ಲಿ ನಿಜವಾಗಿ ಹೊರಟವರೂ ಮೂವರು, ಸ್ಥಳವೂ ಫ್ಲಾರಿಡಾ. ಇದನ್ನು ಕಂಡು ರಸಿಕರು ಪುಲಕಿತರಾಗುವರು. ಆದರೆ ವರ್ನನ ಯಾತ್ರಿಕರು ಹೊರಟುದು ಫಿರಂಗಿಯ ಗುಂಡಿನೊಳಗೆ ಕುಳಿತು! ಹಾಗೆ ಹೊರಟವರು ಆ ಕ್ಷಣವೇ ಜಜ್ಜಿಹೋಗುವರು. ಹಾಗಾದರೆ ಗ್ರಂಥವು ಕೆಟ್ಟಿತೇ? ಇಲ್ಲ. ಚಂದ್ರನು ನಡುನೆತ್ತಿಗೆ ಬರುವ ಸ್ಥಳ ಬೇಕು, ಅದು ಇಂತಿಷ್ಟು ಅಕ್ಷಾಂಶದ ಒಳಗಿರಬೇಕು, ಅಮೇರಿಕದಲ್ಲಿ ಅಂಥ ನೆಲವು ಇಂಥಲ್ಲಿ ಮಾತ್ರ ಉಂಟು ಎಂದು ವರ್ನನು ಒಂದೊಂದೇ ಮೆಟ್ಟಿಲನ್ನು ಕಟ್ಟಿಕೊಂಡು ಫ್ಲಾರಿಡಾಕ್ಕೆ ಬಂದಿರುವನು. ಮೆಚ್ಚತಕ್ಕುದು ಆ ಮೆಟ್ಟಿಲುಗಳನ್ನು.

ಈ ಗುಣಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿಲ್ಲದಿಲ್ಲ. ಬೆಟ್ಟದ ಮೇಲೆ ಹೊಗೆ ಕಾಣುತ್ತಿರುವಾಗ, ಅಲ್ಲಿ ಬೆಂಕಿಯಿಲ್ಲವೆಂದು ಬೇಕೆಂದೇ ಭಾವಿಸಿಕೊಂಡು, ಹಾಗಿದ್ದರೆ ಹೊಗೆಯೂ ಇರಲಾಗದಷ್ಟೆ ಎಂದು ವಿಚಾರಿಸುವುದನ್ನು ನೈಯಾಯಿಕರು ತರ್ಕವೆನ್ನುವರು. ಸುಳ್ಳೆಂದು ತಿಳಿದೂ ಮಾಡಿಕೊಳ್ಳುವ ಇಂಥ ಭಾವನೆಗೆ ಆಹಾರ್ಯಾರೋಪವೆಂದು ಹೆಸರು. ಒಳ್ಳೆಯ ವಿಜ್ಞಾನಕಥೆಯು ಮಾಡುವುದು ಇದನ್ನೇ. 1895ರಲ್ಲಿ ವೆಲ್ಸನು ಕಾಲದಲ್ಲಿ ಸಂಚರಿಸುವ ಯಂತ್ರವೊಂದನ್ನು ಆರೋಪಿಸಿದನು. ಅದೊಂದೇ ಸುಳ್ಳು. ಮಿಕ್ಕುದೆಲ್ಲ ಅದರಿಂದ ಫಲಿಸಿದುದು. ಉಳ್ಳವರು ಮೇಲೆ, ದುಡಿಯುವವರು ನೆಲದಡಿಯಲ್ಲಿ ಎಂಬ ಭೇದವು ಲಕ್ಷಾಂತರ ವರ್ಷ ಬೆಳೆದರೆ ಮನುಷ್ಯಜಾತಿಯೇ ಎರಡಾಗಿ ಸೀಳದಿರುವುದೇ ಎಂದು ಆತನು ಕೇಳುವನು. ಆ ಯಂತ್ರವು ಇಂದಿಗೂ ಯಾರಿಗೂ ಸಾಧ್ಯವಾಗಿಲ್ಲ. ಪ್ರಶ್ನೆಯಾದರೋ ಇಂದಿಗೂ ತಣ್ಣಗಾಗಿಲ್ಲ.

ಇನ್ನು ಪುರಾತನರ ವಿಚಾರ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ವರೆಗೆ ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವನ್ನು ಭರದ್ವಾಜ ಮಹರ್ಷಿಗಳ ಕೃತಿಯೆಂದು ಹೇಳಲಾಯಿತು. ಅದರಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರವೆಂಬ ವಿಮಾನಗಳಿವೆ, ಚಿತ್ರಗಳೂ ಇವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರೀಕ್ಷಿಸಿ, ಈ ವಿಮಾನಗಳು ಹಾರಲಾರವೆಂದೂ, ಗ್ರಂಥದ ಸಂಸ್ಕೃತವು ವೈದಿಕವಲ್ಲ, ಈಚಿನದೆಂದೂ ನಿರ್ಣಯಿಸಿದರು. ಭಾಷೆಯ ಮಟ್ಟಿಗೆ, ಋಕ್ಕುಗಳನ್ನು ಸ್ವರಸಹಿತ ಅಧ್ಯಯನ ಮಾಡಿದ ಯಾರಿಗೂ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವು ಬೇರೊಂದು. ಇಷ್ಟು ವಿಮಾನಗಳನ್ನೂ ಲೋಹಗಳನ್ನೂ ಕಲ್ಪಿಸಿದ ಬುದ್ಧಿಯು ತನ್ನನ್ನು ಕಥೆಯೆಂದು ಕರೆದುಕೊಂಡಿದ್ದರೆ ಕನ್ನಡನಾಡಿನ ಅದ್ಭುತಕಲ್ಪನೆಗಳಲ್ಲಿ ಅದಕ್ಕೊಂದು ಪೀಠವಿರುತ್ತಿತ್ತು. ಪ್ರಮಾಣವೆಂದು ಕರೆದುದರಿಂದ ಗ್ರಂಥವೂ ಕೆಟ್ಟಿತು, ಮಹರ್ಷಿಗಳ ಹೆಸರಿಗೂ ಕುಂದು ಬಂದಿತು. ಇದನ್ನು ಈಗಲೂ ಎಳೆಯರ ಕೈಗೆ ಶಾಸ್ತ್ರವೆಂದು ಕೊಡುವವರು ಆ ಎಳೆಯರಿಂದ ಶಾಸ್ತ್ರವನ್ನೂ ಕಥೆಯನ್ನೂ ಒಮ್ಮೆಗೇ ಕಸಿದುಕೊಳ್ಳುತ್ತಿರುವರು. ‘ಮನು’ ಎಂಬ ಹೆಸರಿನಿಂದ ಬರೆದ ಪಿ. ಎನ್. ರಂಗನ್ ಅವರು ಮಹಾಭಾರತದ ವಸ್ತುವನ್ನು ಹಿಡಿದು ‘ಮಹಾಸಂಪರ್ಕ’ವನ್ನು ರಚಿಸಿದಾಗ ಅದನ್ನು ಕಾದಂಬರಿಯೆಂದೇ ಕರೆದರು. ಧಾರವಾಡದ ರಾಜಶೇಖರ ಭೂಸನೂರಮಠರೂ ತಮ್ಮವನ್ನು ಕಥೆಗಳೆಂದೇ ಕರೆದರು. ಕನ್ನಡದಲ್ಲಿ ಹೆಸರಿಸಿ ಕೊಡತಕ್ಕವರು ಇವರು.

ಚಲಚ್ಚಿತ್ರಗಳ ವಿಷಯದಲ್ಲಿ ಹೇಳತಕ್ಕುದು ಕಡಮೆ. ಬಹುಪಾಲು ಚಿತ್ರಗಳಲ್ಲಿ ಗಾಳಿಯಿಲ್ಲದ ಅಂತರಿಕ್ಷದಲ್ಲಿಯೂ ಸಿಡಿಲಿನಂಥ ಸದ್ದಾಗುವುದು. ಕಿವಿಗೆ ಹಬ್ಬ, ಬುದ್ಧಿಗೆ ಏಕಾದಶಿ. 1968ರಲ್ಲಿ ಕ್ಯೂಬ್ರಿಕನು ನಿರ್ಮಿಸಿದ ‘2001’ ಎಂಬ ಚಿತ್ರದಲ್ಲಿ ಮಾತ್ರ ಶೂನ್ಯವು ನಿಶ್ಶಬ್ದವಾಗಿಯೇ ಇದೆ. ಅದರ ಆರಂಭದಲ್ಲಿ ಆದಿಮಾನವನೊಬ್ಬನು ಆಯುಧವಾದ ಎಲುಬನ್ನು ಆಕಾಶಕ್ಕೆಸೆಯುವನು; ಮರುಕ್ಷಣದಲ್ಲಿ ಆ ಸ್ಥಾನದಲ್ಲಿ ಅಂತರಿಕ್ಷದ ನೌಕೆ ತೇಲುವುದು.

ಈ ದೃಶ್ಯವನ್ನು ಮೆಚ್ಚುವ ಹುಣಸಗಿಯ ರಸಿಕನು ಎಲುಬಿನ ಬದಲು ಕಲ್ಲನ್ನು ನೆನೆಯಬಹುದು. ಸಮೀಪದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೋರಿಸಿದುದು ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡಿದ ಕಮ್ಮಟವನ್ನು; ಚಕ್ಕೆಗಳೂ, ಬಡಿಯುವ ಕಲ್ಲುಗಳೂ, ಅರೆಗೆಲಸದ ಆಯುಧಗಳೂ ಬಿದ್ದಲ್ಲಿಯೇ ಬಿದ್ದಿದ್ದುವು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಕಾಲವನ್ನು ಸುಮಾರು 12 ಲಕ್ಷ ವರ್ಷಗಳೆಂದು ಎಣಿಸಿರುವರು. ವೆಲ್ಸನ ಯಾತ್ರಿಕನು ಇಳಿದುದು 802701ನೆಯ ಇಸವಿಯಲ್ಲಿ. ಅವನು ಮುಂದಕ್ಕೆ ಹೋದುದಕ್ಕಿಂತಲೂ ದೂರ ಹಿಂದಕ್ಕೆ, ಯಾವ ಯಂತ್ರವೂ ಇಲ್ಲದೆ, ಬುತ್ತಿ ಕಟ್ಟಿಕೊಂಡು ನಡೆದೇ ಹೋಗಬಹುದು. ಇದು ಪ್ರಮಾಣ, ಅದು ತರ್ಕ. ಎರಡನ್ನೂ ಬೇರೆಬೇರೆಯಾಗಿಯೇ ಹೇಳಿ, ಆ ಕಥೆಯನ್ನೂ ಈ ಹೊಲದ ದಾರಿಯನ್ನೂ ಹುಡುಗನಿಗೆ ಒಂದೇ ವಾರದಲ್ಲಿ ತೋರಿಸಿಕೊಡುವ ರಸಿಕನು ಈ ಸೀಮೆಗೆ ಬೇಕಾಗಿರುವನು.