ಕಾರಂತರ ಬರಹದಲ್ಲಿ ದಾಂಪತ್ಯ, ಬಾಲವನದಲ್ಲಿ ಲೀಲಾ

ಶಿವರಾಮ ಕಾರಂತ ಮತ್ತು ಲೀಲಾ ಆಳ್ವ ಅವರ ಮದುವೆ ನಡೆದದ್ದು 1936ರ ಮೇ ತಿಂಗಳಲ್ಲಿ. ವರ ಕೋಟದ ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದವರು, ವಯಸ್ಸು 33. ವಧು ಬಂಟರ ಮನೆಯ ಹುಡುಗಿ. ಕಾರಂತರು ನೃತ್ಯ ಕಲಿಸಿ ನಾಟಕ ಆಡಿಸುತ್ತಿದ್ದ ಶಾಲೆಯ ವಿದ್ಯಾರ್ಥಿನಿ. ಜಾತಿ ಮೀರಿದ ಮದುವೆಯೆಂದರೆ ಆಗಿನ ದಕ್ಷಿಣ ಕನ್ನಡದಲ್ಲಿ ಊರಿಡೀ ಆಡಿಕೊಳ್ಳುವ ಸಂಗತಿ. ಆ ಮಾತುಗಳ ನಡುವೆಯೇ ಪುತ್ತೂರಿನಲ್ಲಿ ಹೂಡಿದ ಸಂಸಾರ ಐವತ್ತು ವರ್ಷ ಬಾಳಿತು.

ಈ ಸಂಸಾರದ ಚಿತ್ರ ಹುಡುಕುವವರು ಮೊದಲು ಕೈಗೆತ್ತಿಕೊಳ್ಳುವುದು 1948ರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಅದು ಕೆಲಸಗಳ ಸುತ್ತ ಹೆಣೆದ ಪುಸ್ತಕ. ಪತ್ರಿಕೆ, ನಾಟಕ, ಮೂಕಿಚಿತ್ರ, ಮಕ್ಕಳ ಶಿಕ್ಷಣದ ಪ್ರಯೋಗ ಹೀಗೆ ಒಂದು ಹುಚ್ಚಿನಿಂದ ಇನ್ನೊಂದಕ್ಕೆ ದಾಟುತ್ತದೆ. ಹಠ, ಸೋಲು, ಸಾಲ ಯಾವುದನ್ನೂ ಕಾರಂತರು ಬಚ್ಚಿಡುವುದಿಲ್ಲ. ಆದರೆ ಲೀಲಾ ಅಲ್ಲಿ ಕಾಣಿಸಿಕೊಳ್ಳುವುದು ಗಂಡನ ಉದ್ಯೋಗಗಳ ಮಗ್ಗುಲಲ್ಲಿ. ಸಂಬಳದ ಕೆಲಸದ ಆಸರೆಯಿಲ್ಲದೆ ಪೆನ್ನು ನೆಚ್ಚಿ ಬದುಕಿದ, ಮಾತು ಖಡಕ್ಕಾದ, ತಿರುಗಾಟ ಬಿಡದ ಮನುಷ್ಯನ ಮನೆಯೊಳಗೆ ತಿಂಗಳು ಹೇಗೆ ಸಾಗುತ್ತಿತ್ತು ಎಂಬುದಕ್ಕೆ ಸಿಕ್ಕ ಜಾಗ ಸಾಲದು. ಹತ್ತು ಮುಖಗಳನ್ನು ಎಣಿಸಿದ ಲೇಖಕರಿಗೆ ಗಂಡನೆಂಬುದು ಎದ್ದು ಕಾಣುವ ಮುಖವಾಗಲಿಲ್ಲ. ಆತ್ಮಕಥೆಯ ದೊಡ್ಡ ಕೊರತೆ ಇದೇ.

ಕಾದಂಬರಿಗಳಲ್ಲಿ ಮಾತ್ರ ಅದೇ ಲೇಖಕರ ಕಣ್ಣು ಬೇರೆ. ಮದುವೆಯಾದ ಮರುವರ್ಷವೇ ಬಂದ ‘ಸರಸಮ್ಮನ ಸಮಾಧಿ’ಯಲ್ಲಿ ಸಂಸಾರ ಕೆಟ್ಟ ಹೆಂಗಸರು ಮಹಾಸತಿಯ ಗುಡಿಗೆ ಹರಕೆ ಹೊತ್ತು ಬರುತ್ತಾರೆ, ಸತಿಯಾದವಳ ಬಾಳೇ ಸುಖದ್ದಾಗಿರಲಿಲ್ಲ ಎಂಬ ವ್ಯಂಗ್ಯವನ್ನು ಕಾದಂಬರಿ ಹಿಂಡಿ ತೆಗೆಯುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು 1943ರ ‘ಬೆಟ್ಟದ ಜೀವ’. ಇದರ ಕಥೆ ನಡೆಯುವುದು ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಆಸುಪಾಸಿನಲ್ಲಿ, ಕುಮಾರಪರ್ವತದ ಅಡಿಯ ಕಾಡಿನಲ್ಲಿ. ದಾರಿ ತಪ್ಪಿ ಬಂದ ನಿರೂಪಕ ಗೋಪಾಲಯ್ಯನ ಮನೆಯಲ್ಲಿ ಉಳಿಯುತ್ತಾನೆ. ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸಿದ ಛಲಗಾರ. ಬಂದ ನೆಂಟನನ್ನು ಎಣ್ಣೆ ಹಚ್ಚಿ ಬಿಸಿನೀರಲ್ಲಿ ಮೀಯಿಸದೆ ಬಿಡುವ ಆಸಾಮಿಯಲ್ಲ. ಹೆಂಡತಿ ಶಂಕರಿ ಅವನ ಮಾತಿಗೆ ಮಾತು ಕೊಡುತ್ತಾಳೆ, ಅವನೂ ಅವಳನ್ನು ಕೆಣಕುತ್ತಾನೆ. ಮನೆ ಬಿಟ್ಟು ಹೋದ ಮಗ ಶಂಭುವಿನ ನೋವನ್ನು ಇಬ್ಬರೂ ಒಬ್ಬರಿಂದ ಒಬ್ಬರು ಮರೆಮಾಡುತ್ತಲೇ ಹಂಚಿಕೊಳ್ಳುವ ಪರಿ ಕನ್ನಡ ಕಾದಂಬರಿಯಲ್ಲಿ ಬಂದ ದಾಂಪತ್ಯದ ಅತಿ ಹದವಾದ ಚಿತ್ರಗಳಲ್ಲಿ ಒಂದು. ಛಲದ ಗಂಡಸನ್ನು ತೂಗಿಸಿಕೊಂಡು ಹೋಗುವ ಹೆಣ್ಣಿನ ಜಾಣ್ಮೆಯನ್ನು ಇಷ್ಟು ಹತ್ತಿರದಿಂದ ಕಂಡವರು ತಮ್ಮ ಮನೆಯ ಬಗ್ಗೆ ಬರೆಯುವಾಗ ಯಾಕೆ ಇಷ್ಟು ಬಿಗಿಹಿಡಿದರೋ! ಕಾದಂಬರಿಯಲ್ಲಿ ನಿರೂಪಕ ಅತಿಥಿ, ಪುತ್ತೂರಿನ ಮನೆ ಬಾಲವನದಲ್ಲಿ ಲೇಖಕರೇ ಯಜಮಾನ ಎಂಬುದು ಒಂದು ಕಾರಣವಿದ್ದೀತು.

ಲೀಲಾ ಬರಿಯ ನೆರಳಾಗಿರಲಿಲ್ಲ. ಮರಾಠಿಯಲ್ಲಿ ಓದಿ ಬೆಳೆದವರು, ಮದುವೆಯ ನಂತರ ಕನ್ನಡ ಕಲಿತರು. ಗಂಡನ ಗೀತನಾಟಕಗಳಲ್ಲಿ ನರ್ತಿಸಿದರು. ಕಲಿತ ಕನ್ನಡಕ್ಕೆ ಹರಿ ನಾರಾಯಣ ಆಪ್ಟೆಯವರ ‘ಪಣ್ ಲಕ್ಷಾತ್ ಕೋಣ್ ಘೇತೋ’ ಕಾದಂಬರಿಯನ್ನು ತಂದರು. ಅದು ಹಳೆಯ ಪುಣೆಯ ಕಡೆಯ ಹೆಣ್ಣೊಬ್ಬಳು ತನ್ನ ಸಂಸಾರದ ಕಥೆಯನ್ನು ತಾನೇ ಹೇಳಿಕೊಳ್ಳುವ ಕೃತಿ. ಆತ್ಮಕಥೆ ಬರೆದ ಗಂಡನ ಮನೆಯಲ್ಲಿ ಹೆಂಡತಿ ಆರಿಸಿದ್ದು ಇನ್ನೊಬ್ಬಳ ಆತ್ಮಕಥೆಯ ರೂಪದ ಕಾದಂಬರಿಯನ್ನು. ಈ ಅನುವಾದವನ್ನು ಕಾರಂತರ ಬದುಕಿನ ಅಡಿಟಿಪ್ಪಣಿಯಾಗಿ ಓದುವ ರೂಢಿ ಸರಿಯಲ್ಲ. ಲೀಲಾ ಅವರ ಮನಸ್ಸಿಗೆ ಅದೇ ನೇರ ದಾರಿ.

ದಂಪತಿಗೆ ನಾಲ್ವರು ಮಕ್ಕಳು: ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ. ಹಿರಿಯ ಮಗ ಹರ್ಷ ತೀರಿಕೊಂಡ. ಆ ಪೆಟ್ಟಿನ ಬಳಿಕ ಲೀಲಾ ತೀವ್ರ ಖಿನ್ನತೆಗೆ ಬಿದ್ದರು, ಸತ್ತ ಮಗ ಕಣ್ಣಿಗೆ ಕಾಣುವ ಭ್ರಮೆಯೂ ಕಾಡಿತು. 1974ರಲ್ಲಿ ಕುಟುಂಬ ಪುತ್ತೂರು ಬಿಟ್ಟು ಸಾಲಿಗ್ರಾಮಕ್ಕೆ ಹೋಯಿತು. 1986ರ ಸೆಪ್ಟೆಂಬರಿನಲ್ಲಿ ಲೀಲಾ ತೀರಿಕೊಂಡರು.

ಈ ಮನೆಯ ಕಥೆಯನ್ನು ಒಳಗಿನಿಂದ ಹೇಳಿದ್ದು ಉಳಿದ ಮೂವರು ಮಕ್ಕಳು ಸೇರಿ ಇಂಗ್ಲಿಷಿನಲ್ಲಿ ಬರೆದ ‘ಗ್ರೋಯಿಂಗ್ ಅಪ್ ಕಾರಂತ್’ (2021). ಬರೆದವರಲ್ಲಿ ಒಬ್ಬರು ಹುಲಿ ಸಂಶೋಧಕ, ಇನ್ನೊಬ್ಬರು ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ, ಮತ್ತೊಬ್ಬರು ನೃತ್ಯ ಬಲ್ಲವರು. ಸಭೆಗಳಲ್ಲಿ ಕೈಮುಗಿಸಿಕೊಂಡ ‘ಕಡಲತೀರದ ಭಾರ್ಗವ’ ಎನಿಸಿದ ಕಾರಂತರು ಇಲ್ಲಿ ತಂದೆಯಾಗಿ, ಗಂಡನಾಗಿ ಕೆಳಗಿಳಿಯುತ್ತಾರೆ. ತಾಯಿಯನ್ನು ಮಕ್ಕಳು ಮರೆಯಲ್ಲಿ ನಿಲ್ಲಿಸುವುದಿಲ್ಲ. ಆರಾಧನೆಯ ಜೀವನಚರಿತ್ರೆಗಳೇ ಹೆಚ್ಚಿರುವಲ್ಲಿ ಈ ಪುಸ್ತಕದ ಬೆಲೆ ಅದರಲ್ಲಿದೆ. ಮಿತಿಯೂ ಇದೆ. ಮದುವೆಯ ಮೊದಲ ವರ್ಷಗಳು, ಅಂದರೆ ಊರ ಕುಹಕದ, ಜೊತೆಯಾಗಿ ಕುಣಿದ ವರ್ಷಗಳು, ಮಕ್ಕಳಿಗೆ ಕೇಳಿ ಗೊತ್ತು, ಕಂಡು ಗೊತ್ತಿಲ್ಲ. ಪುಸ್ತಕದ ಹೆಸರಿನಲ್ಲಿರುವುದು ಕೂಡ ತಂದೆಯೇ.